ಸೀಟಿನ ಸಂದಿಗೆ ಕೈ ಹಾಕಿ

ಯಾವ ವಿಮಾನದ ಸೀಟು ಮೆತ್ತಗಿದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಕೂತು ನೋಡಿ ಹೇಳುವುದಲ್ಲ, ಅಂಗೈ ಒತ್ತಿ ನೋಡಿ ಹೇಳುವುದು. ಏಳು ವರ್ಷದಿಂದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ವಿಮಾನದ ಒಳಗನ್ನು ಶುಚಿ ಮಾಡುವ ಕೆಲಸದಲ್ಲಿದ್ದೇನೆ. ಗುತ್ತಿಗೆ ಕಂಪನಿಯ ಬಸ್ಸು ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ನಮ್ಮನ್ನು ಹತ್ತಿಸಿಕೊಳ್ಳುತ್ತದೆ, ಪಾಳಿ ಮುಗಿದ ಮೇಲೆ ಅಲ್ಲಿಗೇ ತಂದು ಇಳಿಸುತ್ತದೆ. ಪ್ರಯಾಣಿಕರು ಇಳಿದ ಮೇಲೆ ನಾವು ವಿಮಾನ ಹತ್ತುತ್ತೇವೆ, ಮುಂದಿನವರು ಹತ್ತುವ ಮೊದಲು ಇಳಿಯುತ್ತೇವೆ. ಹೀಗಾಗಿ ಹೋದ ವರ್ಷದವರೆಗೆ ಹಾರುವ ವಿಮಾನವನ್ನು ನಾನು ಒಳಗಿನಿಂದ ಕಂಡಿರಲಿಲ್ಲ. ನಿಂತ ವಿಮಾನಗಳನ್ನು ಮಾತ್ರ ನನ್ನಷ್ಟು ಕಂಡವರು ಕಡಿಮೆ.

ಎಕಾನಮಿ ಎಂದರೆ ಎಲ್ಲ ಕಂಪನಿಯದೂ ಒಂದೇ ಎಂದು ಜನ ತಿಳಿದಿದ್ದಾರೆ. ಖಂಡಿತ ಅಲ್ಲ. ಅಗ್ಗದ ಟಿಕೆಟ್ಟಿನ ವಿಮಾನಗಳಲ್ಲಿ ಸೀಟಿನ ಮೇಲೆ ಅಂಗೈ ಊರಿದರೆ ಕೆಳಗಿನ ಕಂಬಿ ಕೈಗೆ ಸಿಗುತ್ತದೆ. ಬೆನ್ನಿನ ಭಾಗ ಹಿಂದಕ್ಕೆ ಬಾಗುವುದೂ ಇಲ್ಲ. ಒರೆಸುವ ನಮಗೆ ಅದು ಸುಲಭ, ಕೂರುವವರ ಗತಿ ಅವರಿಗೇ ಗೊತ್ತು. ಎರಡು ಸಾಲಿನ ನಡುವೆ ನಾನು ಮಂಡಿಯೂರಿ ಕೂತು ಗುಡಿಸಲು ಆದರೆ ಅದು ಒಳ್ಳೆಯ ಕಂಪನಿ. ಆಚೆ ನಿಂತು ಬಗ್ಗಿ ಕೈ ಮಾತ್ರ ಚಾಚಬೇಕಾದರೆ ಅದು ಅಲ್ಲ. ಇದು ನನ್ನ ಅಳತೆ. ಗಲ್ಫಿನಿಂದ ಬರುವ ಒಂದು ಕಂಪನಿಯ ವಿಮಾನದಲ್ಲಿ ನಾನು ಆರಾಮವಾಗಿ ಕೂರುತ್ತೇನೆ. ನಮ್ಮ ಕಡೆಯವೇ ಕೆಲವು ವಿಮಾನಗಳಲ್ಲಿ ಸೊಂಟ ಸಿಕ್ಕಿಹಾಕಿಕೊಳ್ಳುತ್ತದೆ. ನಡುವೆ ಪ್ರೀಮಿಯಂ ಎಂದು ಒಂದಿದೆ. ಕಾಲಿಗೆ ಒಂದು ಗೇಣು ಹೆಚ್ಚು ಜಾಗ, ತುಸು ದೊಡ್ಡ ದಿಂಬು. ಅದನ್ನು ಯಾರಿಗಾಗಿ ಮಾಡಿದ್ದಾರೋ ನನಗೆ ಈವರೆಗೆ ತಿಳಿದಿಲ್ಲ.

ಬಿಸಿನೆಸ್ ಕ್ಲಾಸ್ ಎಂದ ಕೂಡಲೇ ಹಾಸಿಗೆ ಎಂದುಕೊಂಡರೆ ಕೆಟ್ಟಿರಿ. ದೇಶದೊಳಗೆ ಓಡಾಡುವ ಸಣ್ಣ ವಿಮಾನಗಳಲ್ಲಿ ಅದು ಅಗಲವಾದ ಕುರ್ಚಿ, ಅಷ್ಟೇ. ಕಾಲಿಗೊಂದು ಹಲಗೆ ಏಳುತ್ತದೆ. ಹೊರದೇಶಕ್ಕೆ ಹೋಗುವ ದೊಡ್ಡ ವಿಮಾನಗಳಲ್ಲಿ ಸೀಟು ಪೂರ್ತಿ ಮಟ್ಟಸವಾಗಿ ಮಲಗುತ್ತದೆ. ಅಲ್ಲೂ ನೋಡಿ, ಯುರೋಪಿನ ಒಂದು ಕಂಪನಿಯದರಲ್ಲಿ ಪಾದ ಇಡುವ ಜಾಗ ಇಲಿಯ ಬಿಲದಷ್ಟು. ಅದರೊಳಗಿನ ಕಸ ತೆಗೆಯಲು ನಾನು ಭುಜದವರೆಗೆ ತೋಳು ತೂರಿಸಬೇಕು. ಆರಡಿಯ ಮನುಷ್ಯ ಅದರೊಳಗೆ ಕಾಲಿಟ್ಟು ಹೇಗೆ ಮಗ್ಗುಲು ಬದಲಿಸುತ್ತಾನೆ ಎಂದು ಟಿಕೆಟ್ ಮಾರುವವರು ಹೇಳುವುದಿಲ್ಲ. ಇನ್ನೊಂದು ಕಂಪನಿಯಲ್ಲಿ ಸೀಟುಗಳು ಎರಡೆರಡು ಜೋಡಿ. ಕಿಟಕಿ ಪಕ್ಕದವರು ಎದ್ದು ಹೋಗಬೇಕಾದರೆ ಪಕ್ಕದಲ್ಲಿ ಮಲಗಿದವರ ಕಾಲು ದಾಟಬೇಕು. ಫಸ್ಟ್ ಕ್ಲಾಸ್ ಇರುವ ವಿಮಾನ ಅಪರೂಪ. ಅದರ ಒಂದೊಂದು ಸೀಟಿಗೂ ಬಾಗಿಲಿದೆ. ಒಳಗಿನ ಜಾಗ ನಮ್ಮ ಮನೆಯ ದೇವರ ಕೋಣೆಗಿಂತ ದೊಡ್ಡದು.

ಸೇವೆ ಹೇಗೆ ಎಂದು ಕೇಳಿದರೆ ನಾನು ಕಣ್ಣಾರೆ ಕಂಡಿಲ್ಲ. ಉಳಿದದ್ದನ್ನು ಕಂಡಿದ್ದೇನೆ. ಹೊದಿಕೆಯ ಪ್ಲಾಸ್ಟಿಕ್ ಚೀಲ ಹರಿಯದೆ ಹಾಗೇ ಬಿದ್ದಿದ್ದರೆ ಆ ಹೊದಿಕೆ ಚುಚ್ಚುತ್ತದೆ ಎಂದು ಅರ್ಥ. ಸೀಟಿನ ಜೇಬಿನಲ್ಲಿ ಒಂದು ಕಡಿ ಕಚ್ಚಿಟ್ಟ ಬನ್ನು ಸಾಲಿಗೆ ನಾಲ್ಕು ಸಿಕ್ಕರೆ ಅಡುಗೆ ಕೆಟ್ಟದ್ದು. ನೀರಿನ ಲೋಟಗಳೇ ಇಲ್ಲದಿದ್ದರೆ ಯಾರೂ ನೀರು ಕೇಳಿಲ್ಲ, ಅಥವಾ ಕೇಳಿದವರಿಗೆ ಸಿಕ್ಕಿಲ್ಲ. ಬಿಸಿನೆಸ್ಸಿನವರು ಹೆಚ್ಚು ಶುಚಿ ಎಂಬುದು ಸುಳ್ಳು. ಒಂದು ವಿಷಯದಲ್ಲಂತೂ ಎಲ್ಲರೂ ಸಮ: ಸೀಟಿನ ಸಂದಿಯಲ್ಲಿ ಏನಾದರೂ ಬಿಟ್ಟೇ ಹೋಗುತ್ತಾರೆ. ಪೆನ್ನು, ಇಯರ್‌ಫೋನು, ಕಿವಿಯ ಓಲೆ, ಮಾತ್ರೆ. ಒಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿತು, ಅದೂ ಬಿಸಿನೆಸ್ಸಿನಲ್ಲಿ.

ಸಂದಿಗೆ ಕೈ ಹಾಕಿ, ಕಣ್ಣಿನ ಸಹಾಯವಿಲ್ಲದೆ ಅಂಗೈಯಿಂದಲೇ ಹುಡುಕುವುದರಲ್ಲಿ ನಾನು ಜೋರು. ಅದನ್ನು ಕಲಿತದ್ದು ನಮ್ಮೂರು ಸಾದಲಿಯ ಹುಳದ ಮನೆಯಲ್ಲಿ, ಅಮ್ಮನಿಂದ. ರೇಷ್ಮೆ ಹುಳುಗಳ ತಟ್ಟೆಯಿಂದ ದಿನವೂ ಕಸ ತೆಗೆಯಬೇಕು: ತಿಂದುಳಿದ ಸೊಪ್ಪಿನ ದಂಟು, ಹಿಕ್ಕೆ. ಎಷ್ಟೇ ಜೋಪಾನ ಮಾಡಿದರೂ ನಾಲ್ಕಾರು ಹುಳ ಕಸದೊಳಗೇ ಉಳಿಯುತ್ತವೆ. ಅಮ್ಮ ಕಸವನ್ನು ತಿಪ್ಪೆಗೆ ಹೊರುವ ಮೊದಲು ಅಂಗೈ ಅಗಲಿಸಿ, ಮೆಲ್ಲಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿಕೊಂಡು ಹೋಗುತ್ತಿದ್ದಳು. ಹುಳ ತಣ್ಣಗಿರುತ್ತದೆ, ಕೈಗೆ ಗೊತ್ತಾಗುತ್ತದೆ. ನಾನು ಬೇಗ ಮುಗಿಸಿ ಆಡಲು ಓಡುವ ಆತುರದಲ್ಲಿದ್ದರೆ, "ಅದೂ ಗೂಡು ಕಟ್ಟೋ ಹುಳಾನೇ ಕಣೇ, ಎತ್ತು" ಎಂದು ಕೂರಿಸುತ್ತಿದ್ದಳು.

ಆ ಅಮ್ಮನಿಗೇ ನಾನು ಸುಳ್ಳು ಹೇಳಿದ್ದೆ. ಕೆಲಸ ಸಿಕ್ಕಿದಾಗ ಏನು ಕೆಲಸ ಎಂದು ಕೇಳಿದಳು. ಕೌಂಟರಿನಲ್ಲಿ ಕೂತು ಟಿಕೆಟ್ ನೋಡುವುದು ಎಂದೆ. ನಮ್ಮದು ಊರಿನಲ್ಲಿ ನಾಲ್ಕು ಜನ ಮರ್ಯಾದೆ ಕೊಡುವ ಬೇಸಾಯದ ಮನೆ. ಕಸ ಗುಡಿಸಲು ಬರುವವರಿಗೆ ಅಮ್ಮ ಹೊಟ್ಟೆ ತುಂಬ ಬಡಿಸುತ್ತಿದ್ದಳು, ಆದರೆ ಜಗಲಿಯ ಮೇಲೆ. ಒಳಗೆ ಕರೆದದ್ದನ್ನು ನಾನು ನೋಡಿಲ್ಲ. ಅದನ್ನು ನೋಡಿಕೊಂಡೇ ಬೆಳೆದವಳು, ನಾನೂ ಈಗ ಅದೇ ಕೆಲಸ ಮಾಡುತ್ತೇನೆ ಎಂದು ಹೇಗೆ ಹೇಳಲಿ? ನನ್ನ ಗಂಡನಿಗೆ ಗೊತ್ತಿತ್ತು. ಸಾದಲಿಯಲ್ಲಿ ಅಮ್ಮನ ಜೊತೆ ಇರುವ ಅಣ್ಣ ಅತ್ತಿಗೆಗೆ ಗೊತ್ತಿರಲಿಲ್ಲ. ಅಮ್ಮ "ಕೌಂಟರ್" ಎಂಬ ಮಾತನ್ನು ಊರೆಲ್ಲ ಹಂಚಿದ್ದಳು. ಪ್ರತಿ ಸಲ ಅದನ್ನು ಕೇಳಿದಾಗ ನನಗೆ ಮೈ ಉರಿಯುತ್ತಿತ್ತು, ಅಮ್ಮನ ಮೇಲಲ್ಲ, ನನ್ನ ಮೇಲೆ.

ಹೋದ ವರ್ಷ ದೆಹಲಿಯಲ್ಲಿ ಸೈನ್ಯದಲ್ಲಿರುವ ನನ್ನ ತಮ್ಮನಿಗೆ ಹೆಣ್ಣು ಮಗುವಾಯಿತು. ನಾಮಕರಣಕ್ಕೆ ಅಮ್ಮ ಹೋಗಲೇಬೇಕು. ಅವಳ ಬೆನ್ನಿನ ಮೂಳೆ ಜಾರಿ ಆರು ತಿಂಗಳಾಗಿತ್ತು. ಕಾಲು ಮಡಿಸಿ ಒಂದು ಗಂಟೆಗಿಂತ ಹೆಚ್ಚು ಕೂರಬೇಡಿ ಎಂದು ಚಿಂತಾಮಣಿಯ ಡಾಕ್ಟರು ಹೇಳಿದ್ದರು. ತಮ್ಮ ಫೋನು ಮಾಡಿ, "ಅಕ್ಕ, ನೀನು ಕೌಂಟರಲ್ಲಿರೋಳು, ಯಾವ ಫ್ಲೈಟು, ಯಾವ ಕ್ಲಾಸು ಅಂತ ನೀನೇ ಹೇಳು, ಬುಕ್ ಮಾಡ್ತೀನಿ" ಎಂದ. ನಾನು ಹದಿನೈದು ನಿಮಿಷ ಮಾತಾಡಿದೆ. ಆ ದಾರಿಯಲ್ಲಿ ಮಧ್ಯಾಹ್ನ ಒಂದೇ ಒಂದು ಟ್ರಿಪ್ಪಿಗೆ ಹೊರದೇಶಕ್ಕೆ ಹೋಗುವಂಥ ದೊಡ್ಡ ವಿಮಾನ ಹಾಕುತ್ತಾರೆ, ಅದರ ಬಿಸಿನೆಸ್ಸಿನಲ್ಲಿ ಮಾತ್ರ ಅಮ್ಮ ಬೆನ್ನು ಚಾಚಬಹುದು, ಪಾದದ ಜಾಗವೂ ಅಗಲ, ಮೊದಲನೇ ಸಾಲೇ ತೆಗೆದುಕೋ ಎಂದೆ. ಜೊತೆಗೆ ಹೋಗುವ ನನಗೆ ಎಕಾನಮಿ ಸಾಕು ಎಂದೆ. ತಮ್ಮ ಬೆರಗಾದ. ಸುಳ್ಳಿನ ಮೇಲೆ ಕೂತು ನಿಜವನ್ನೇ ಹೇಳಿದ್ದೆ.

ನನ್ನ ಗುಂಪಿನವರು ಆ ಹೊತ್ತಿಗೆ ಬೇರೆ ವಿಮಾನದಲ್ಲಿರುತ್ತಾರೆ ಎಂದು ಖಾತ್ರಿ ಮಾಡಿಕೊಂಡು ಹೊರಟೆ. ಗಾಲಿಕುರ್ಚಿಯಲ್ಲಿ ಅಮ್ಮನನ್ನು ಎಲ್ಲರಿಗಿಂತ ಮೊದಲು ಒಳಗೆ ಬಿಟ್ಟರು. ಸೀಟಿನಲ್ಲಿ ಕೂರಿಸಿ, ಯಾವ ಗುಂಡಿ ಒತ್ತಿದರೆ ಕಾಲು ಏಳುತ್ತದೆ, ಯಾವುದಕ್ಕೆ ಬೆನ್ನು ಇಳಿಯುತ್ತದೆ ಎಂದು ಪಟಪಟನೆ ತೋರಿಸಿದೆ.

"ಕೌಂಟರಲ್ಲಿ ಇದೆಲ್ಲಾ ಹೇಳ್ಕೊಡ್ತಾರಾ?" ಎಂದಳು ಅಮ್ಮ.

"ಟ್ರೈನಿಂಗ್ ಕೊಡ್ತಾರಮ್ಮ" ಎಂದು ಹಿಂದಿನ ನನ್ನ ಸಾಲಿಗೆ ನಡೆದೆ. ನಡುವಿನ ಪರದೆ ಎಳೆದರು.

ವಿಮಾನ ಮೇಲೇರಿದಾಗ ಸೀಟಿನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಈ ಸೀಟುಗಳಿಗೆ ಹೀಗೂ ಒಂದು ಕೆಲಸವಿದೆ ಎಂಬುದು ನನಗೆ ಅಂದೇ ಅನ್ನಿಸಿದ್ದು. ಎಕಾನಮಿಯ ಸೇವೆ ಪರವಾಗಿಲ್ಲ. ತಣ್ಣಗಿನ ಉಪ್ಪಿಟ್ಟು, ಬಿಸಿ ಟೀ. ಎರಡನೇ ಸಲ ನೀರು ಕೇಳಿದವರಿಗೆ ಹತ್ತು ನಿಮಿಷ ಕಾಯಿಸಿ ಕೊಟ್ಟರು. ಆಮೇಲೆ ಮುಂದಿನ ಕ್ಲಾಸಿನ ಗಗನಸಖಿ ಪರದೆ ಸರಿಸಿಕೊಂಡು ನನ್ನ ಬಳಿಗೇ ಬಂದಳು. ಆ ಮುಖ ನನಗೆ ಗುರುತು. ಎಷ್ಟೋ ಸಲ ನನ್ನ ಪೊರಕೆ ದಾಟಿಕೊಂಡು ಇಳಿದು ಹೋಗಿದ್ದಾಳೆ. ಯೂನಿಫಾರಂ ಇಲ್ಲದ ನನ್ನ ಗುರುತು ಅವಳಿಗೆ ಸಿಗಲಿಲ್ಲ.

"ನಿಮ್ಮಮ್ಮ ಚೆನ್ನಾಗಿದಾರೆ, ಮಲಗಿದಾರೆ" ಎಂದಳು. "ನಂದು ಕದಿರಿ, ನಿಮ್ಮೂರ ಕಡೆ ಆಂಧ್ರದ ಗಡಿ ದಾಟಿದ್ರೆ ಆಯ್ತು. ತೆಲುಗಲ್ಲಿ ಮಾತಾಡ್ತಾನೇ ಇದ್ರು. ನೀವೂ ನಮ್ಮ ಏರ್‌ಪೋರ್ಟ್ ಅಂತೆ, ಯಾವ ಕೌಂಟರ್?"

"ಇಂಟರ್‌ನ್ಯಾಷನಲ್ ಕಡೆ" ಎಂದೆ. ಅಷ್ಟು ವರ್ಷದಲ್ಲಿ ಮನೆಯವರನ್ನು ಬಿಟ್ಟು ಹೊರಗಿನವರಿಗೆ ಹೇಳಿದ ಮೊದಲ ಸುಳ್ಳು ಅದು.

ದೆಹಲಿಯಲ್ಲಿ ಇಳಿದಾಗ ಎಲ್ಲರೂ ಹೋಗುವವರೆಗೆ ಅಮ್ಮ ಸೀಟಿನಲ್ಲೇ ಕೂತಿದ್ದಳು. ನಾನು ಹಿಂದಿನಿಂದ ಬರುವಷ್ಟರಲ್ಲಿ ವಿಮಾನ ಖಾಲಿ. ಅಮ್ಮನ ಮುಖ ಅರಳಿತ್ತು. ಬಿಸಿ ಟವಲು ಕೊಟ್ಟರಂತೆ, ಅದರಲ್ಲಿ ಕೈ ಒರೆಸಿಕೊಂಡು, ಮುಂದಿದ್ದ ಹಲಗೆ ಒರೆಸಿ, ಕಿಟಕಿಯನ್ನೂ ಒರೆಸಿ ಅಮ್ಮ ಟವಲು ವಾಪಸು ಕೊಟ್ಟಳಂತೆ. ಬೆನ್ನು ಒಂದಿಷ್ಟೂ ನೋಯಲಿಲ್ಲವಂತೆ. ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ಆಮೇಲೆ ಏನಾಯಿತೆಂದರೆ, ಖಾಲಿ ವಿಮಾನ, ಖಾಲಿ ಸೀಟು, ನನ್ನ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಬೆಲ್ಟಿನ ಎರಡು ತುದಿ ಅಡ್ಡ ಹಾಕಿತು. ಹೊದಿಕೆ ಮಡಿಸಿತು. ಅಂಗೈ ಅಗಲವಾಗಿ ಸೀಟಿನ ಸಂದಿಗಿಳಿದು ಈ ತುದಿಯಿಂದ ಆ ತುದಿಗೆ ಸವರಿಕೊಂಡು ಹೋಯಿತು. ಹಿಂದಿನ ಪ್ರಯಾಣದ ಯಾರದೋ ಇಯರ್‌ಫೋನು ಸಿಕ್ಕಿತು. ಗಗನಸಖಿಯ ಕೈಗೆ ಕೊಟ್ಟು ತಿರುಗಿದರೆ ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು.

"ಕಸದಲ್ಲಿ ಹುಳ ಹುಡ್ಕಿದಂಗೆ ಹುಡುಕ್ತೀಯಲ್ಲೇ" ಎಂದಳು. ಅಷ್ಟೇ. ಬಾಗಿಲ ಬಳಿ ಪೊರಕೆ, ಚೀಲ ಹಿಡಿದ ಹೆಂಗಸರು ನಾವು ಇಳಿಯುವುದನ್ನೇ ಕಾಯುತ್ತಿದ್ದರು. ಅಮ್ಮ ಅವರನ್ನೂ ನೋಡಿದಳು. ಆಮೇಲೆ ಗಾಲಿಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

ತಮ್ಮನ ಮನೆಯಲ್ಲಿ ನಾಲ್ಕು ದಿನ. ಮಗು ಚೆನ್ನಾಗಿತ್ತು, ನಾಮಕರಣ ಚೆನ್ನಾಗಿ ಆಯಿತು. ನನಗೆ ಮಾತ್ರ ಅಮ್ಮ ಯಾವಾಗ ಏನು ಕೇಳುತ್ತಾಳೋ ಎಂಬುದೇ ಚಿಂತೆ. ತಮ್ಮನ ಅತ್ತೆ ಗೌರಿಬಿದನೂರಿನಿಂದ ಬಂದಿದ್ದರು. ಊಟಕ್ಕೆ ಕೂತಾಗ, "ನಿಮ್ಮ ಮಗಳಿಗೆ ಏನು ಕೆಲಸ?" ಎಂದು ಅಮ್ಮನನ್ನು ಕೇಳಿದರು.

"ಏರ್‌ಪೋರ್ಟಲ್ಲಿ" ಎಂದಳು ಅಮ್ಮ.

ನಾನು ಕಾದೆ. ಬೇರೆ ದಿನವಾಗಿದ್ದರೆ ಅದರ ಹಿಂದೆಯೇ ಕೌಂಟರ್ ಬರುತ್ತಿತ್ತು. ಬರಲಿಲ್ಲ. ಅಮ್ಮ ಸಾರು ಹಾಕಿಸಿಕೊಂಡಳು. ಗೊತ್ತಾಗಿದೆ, ನಾಚಿಕೆಯಾಗಿದೆ, ಅದಕ್ಕೇ ಮಾತು ನುಂಗಿಕೊಂಡಳು ಎಂದು ನನಗೆ ಖಚಿತವಾಯಿತು. ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ನಲವತ್ತೆರಡು ವರ್ಷದ ಹೆಂಗಸು, ಹೀಗೆ ಅಳಬಾರದು, ಆದರೆ ಅತ್ತೆ.

ವಾಪಸು ಬರುವಾಗಲೂ ಅದೇ ಕಂಪನಿ, ಅದೇ ದೊಡ್ಡ ವಿಮಾನ, ಅಮ್ಮನಿಗೆ ಅದೇ ಮೊದಲನೇ ಸಾಲು. ಈ ಸಲ ತೆಲುಗಿನವಳಿರಲಿಲ್ಲ. ಇದ್ದವಳು ಎಲ್ಲವನ್ನೂ ಅಚ್ಚುಕಟ್ಟಾಗಿ ಕೊಟ್ಟಳಂತೆ, ಮಾತು ಮಾತ್ರ ಇಲ್ಲ. ಹೋಗುವಾಗಿನ ಸುಖ ಬರುವಾಗ ಇರಲಿಲ್ಲ ಎಂದು ಅಮ್ಮ ಆಮೇಲೆ ಹೇಳಿದಳು, ಸೀಟು ಅದೇ ಆದರೂ. ವಿಮಾನ ಎರಡು ಗಂಟೆ ತಡವಾಗಿ ಹೊರಟಿತು. ದೇವನಹಳ್ಳಿಯಲ್ಲಿ ಇಳಿಯುವಾಗ ನನಗೆ ಹೊಳೆಯಿತು: ಇದು ನಮ್ಮ ಗುಂಪಿನ ಹೊತ್ತು.

ಕೊನೆಯವಳಾಗಿ ಮುಂದಕ್ಕೆ ಬಂದೆ. ಅಮ್ಮ ಸೀಟಿನ ಬೆನ್ನು ಹಿಡಿದು ಎದ್ದು ನಿಂತಿದ್ದಳು. ಹೊದಿಕೆ ಮಡಿಸಿತ್ತು. ಬೆಲ್ಟು ಅಡ್ಡ ಹಾಕಿತ್ತು, ನಾನು ಹಾಕಿದ ಹಾಗೆಯೇ. ಬಾಗಿಲಲ್ಲಿ ನಮ್ಮವರು ಐದು ಜನ ನಿಂತಿದ್ದರು. ಶಿಡ್ಲಘಟ್ಟದಿಂದ ಬರುವ ಹುಡುಗಿ ನನ್ನನ್ನು ಕಂಡು, "ಅಕ್ಕ, ಲೀವಲ್ಲಿ ಇದೀರಾ ಅಂದ್ರು, ಪ್ಯಾಸೆಂಜರ್ ಆಗ್ಬಿಟ್ಟಿದೀರಾ" ಎಂದು ನಕ್ಕಳು.

ತಪ್ಪಿಸಿಕೊಳ್ಳಲು ಇನ್ನು ಜಾಗವಿರಲಿಲ್ಲ. ತಪ್ಪಿಸಿಕೊಳ್ಳಬೇಕು ಎಂದೂ ಅನ್ನಿಸಲಿಲ್ಲ, ಸಾಕಾಗಿತ್ತು. "ಅಮ್ಮ, ಇವರು ನನ್ನ ಜೊತೆ ಕೆಲಸ ಮಾಡೋರು" ಎಂದೆ. "ನಾನು ಮಾಡೋದೂ ಇದೇ ಕೆಲಸ."

"ಗೊತ್ತು ಕಣಮ್ಮ" ಎಂದಳು ಅಮ್ಮ. "ಆ ಬೀಗಿತ್ತಿ ಮುಂದೆ ಇನ್ನೊಂದ್ಸಲ ಸುಳ್ಳು ಹೇಳೋಕೆ ನಂಗಾಗ್ಲಿಲ್ಲ. ನಿಜ ನೀನೇ ಹೇಳ್ತೀಯ ಅಂತ ಸುಮ್ನಿದ್ದೆ."

ಆಮೇಲೆ ಬಾಗಿಲಲ್ಲಿದ್ದ ಐವರ ಕಡೆ ತಿರುಗಿ, "ನನ್ನ ಸೀಟು ನಾನು ನೋಡಿದೀನಿ, ಸಂದೀಲಿ ಏನೂ ಇಲ್ಲ. ಮಿಕ್ಕಿದ್ದು ನೋಡ್ಕೊಳ್ರಮ್ಮ" ಎಂದಳು. ಶಿಡ್ಲಘಟ್ಟದ ಹುಡುಗಿಯ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. "ಸಾದಲಿಗೆ ಬನ್ರಮ್ಮ ಎಲ್ಲಾರೂ, ಒಂದು ಭಾನುವಾರ. ಒಳಗೆ ಕೂತ್ಕೊಂಡು ಊಟ ಮಾಡೀರಂತೆ."

ಆ ಹುಡುಗಿಗೆ ಅದು ಬರಿಯ ಊಟದ ಕರೆ. ಬರ್ತೀವಿ ಎಂದು ತಲೆಯಾಡಿಸಿ ಪೊರಕೆ ಹಿಡಿದು ಒಳಗೆ ನಡೆದಳು. ಅಮ್ಮನ ಜಗಲಿಯನ್ನು ಬಲ್ಲ ನಾನು ಆ 'ಒಳಗೆ' ಎಂಬ ಮಾತಿನಲ್ಲೇ ನಿಂತಿದ್ದೆ. ಅಮ್ಮ ನನ್ನ ಭುಜ ಹಿಡಿದುಕೊಂಡು, "ನಡಿ, ಹೋಗಣ. ಅವ್ರಿಗೆ ಹೊತ್ತಾಗ್ತದೆ" ಎಂದಳು.