ಕರಡಿ ಮರಿಗೆ ಹದಿಮೂರು ತುಂಬಿತು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಪಾಪು ಅಕ್ಕ ಎಂದು. ವಯಸ್ಸು ನಲವತ್ತಾರು, ಮಂಡಿನೋವು ಬೇರೆ, ಆದರೆ ಮೈಕಿನ ಮುಂದೆ ನಿಂತರೆ ಐದು ವರ್ಷದ ಕೂಸು. ಬೇರೆ ಭಾಷೆಯಿಂದ ಬರುವ ಕಾರ್ಟೂನ್ ಸಿನಿಮಾಗಳ ಮಕ್ಕಳಿಗೆ, ಮೊಲಗಳಿಗೆ, ಒಮ್ಮೆ ಹಲ್ಲುಜ್ಜಲು ಹಟ ಮಾಡುವ ಡೈನೋಸಾರಿಗೂ ಕನ್ನಡದ ಬಾಯಿ ಕೊಟ್ಟವಳು ಅವಳೇ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಬಳೆ ಸದ್ದು ಮಾಡುತ್ತದೆಂದು ಬಾಗಿಲಲ್ಲೇ ಬಿಚ್ಚಿಡುತ್ತಾಳೆ. ಹೊಟ್ಟೆ ಗುರ್ ಎಂದರೂ ಮೈಕು ಹಿಡಿದುಬಿಡುತ್ತದೆಂದು ಎರಡು ಬಾಳೆಹಣ್ಣು ತಿಂದೇ ಒಳಗೆ ಹೋಗುತ್ತಾಳೆ.

ಐದು ವರ್ಷದ ಹಿಂದೆ ಅವಳಿಗೆ ಹೆಸರು ತಂದದ್ದು ಒಂದು ಕರಡಿ ಮರಿ. ಅದರ ಮನಸ್ಸಿನಲ್ಲಿ ಏನಿದೆಯೋ ಅದು ನೆರಳಿನಲ್ಲಿ ಕಾಣುತ್ತಿತ್ತು. ಖುಷಿಯಾದರೆ ನೆರಳು ಕುಣಿಯುತ್ತಿತ್ತು, ಹೆದರಿದರೆ ಕಡಲೆಕಾಳಿನಷ್ಟಾಗಿ ಕಾಲಡಿ ಸೇರುತ್ತಿತ್ತು. ಈಗ ಆ ಸಿನಿಮಾದ ಎರಡನೇ ಭಾಗ ಬಂದಿದೆ. ಮರಿಗೆ ಹದಿಮೂರು. ನೆರಳು ಈಗ ಅದರ ಮಾತು ಕೇಳುವುದಿಲ್ಲ. ಮುಖ ನಗುತ್ತಿದ್ದರೆ ಅದು ಮೂಲೆಯಲ್ಲಿ ಮುನಿಸಿಕೊಂಡು ಕೂತಿರುತ್ತದೆ.

ಆ ಮರಿಗೆ ದನಿಯಾಗಲು ತನ್ನನ್ನು ಬಿಟ್ಟರೆ ಇನ್ಯಾರಿದ್ದಾರೆ ಎಂದುಕೊಂಡೇ ಪಾಪು ಅಕ್ಕ ಹೋದಳು. ಮೊದಲ ದಿನವೇ ಡಬ್ಬಿಂಗ್ ನಿರ್ದೇಶಕ ತಲೆ ಕೆರೆದುಕೊಂಡ.

"ಅಕ್ಕ, ಹದಿಮೂರು ವರ್ಷದವಳು ಮಾತಾಡ್ತಿರೋ ಹಾಗಿಲ್ಲ ಇದು. ಹದಿಮೂರು ವರ್ಷದವಳ ಮೇಲೆ ಅವರಮ್ಮ ದೂರು ಹೇಳ್ತಿರೋ ಹಾಗಿದೆ. ಶನಿವಾರದವರೆಗೆ ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆ ಹುಡುಗಿ ಕೈಲಿ ಮಾಡಿಸ್ತೀನಿ, ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುತ್ತಾಳೆ? ತೊದಲುವುದರಿಂದ ಹಿಡಿದು ತಾನೇ ಸಾಕಿದ ಮರಿ ಅದು. ಬೇರೆಯವರ ಗಂಟಲಿನಲ್ಲಿ ಬೆಳೆಯುವುದನ್ನು ನೆನೆದರೇ ಅವಳ ಎದೆ ಉರಿಯುತ್ತಿತ್ತು.

ಹದಿಮೂರರ ದನಿ ಹುಡುಕಿಕೊಂಡು ಬಸ್ ಸ್ಟಾಪು, ಜ್ಯೂಸ್ ಅಂಗಡಿ ಎಲ್ಲ ಅಲೆದಳು. ಹುಡುಗಿಯರ ಹಿಂದೆ ನಿಂತು ಕಿವಿ ನಿಮಿರಿಸಿದಳು. "ಆಂಟಿ, ಏನಾದ್ರೂ ಬೇಕಿತ್ತಾ?" ಎಂದು ಒಬ್ಬಳು ಕೇಳಿಯೇಬಿಟ್ಟಳು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಅದೇ ಕತೆ. ಮನೆಯಲ್ಲಿ ಅವಳದೇ ಮಗಳಿಗೆ ಹದಿಮೂರು. ಆದರೆ ಎಂಟು ತಿಂಗಳಿಂದ ಆ ಮಹಾರಾಯ್ತಿಯ ಬಾಯಲ್ಲಿ ಉಳಿದಿರುವುದು ಮೂರೇ ಮಾತು: ಏನಿಲ್ಲ, ಗೊತ್ತಿಲ್ಲ, ಹೋಗಮ್ಮ. ಆಮೇಲೆ ಬಾಗಿಲು. ಬಾಗಿಲು ಹಾಕಿದ ಕೂಡಲೇ ತಾಯಿ ಅಡುಗೆಮನೆಗೆ ವಾಪಸು. ಬೆಳೆಯುವ ಮಕ್ಕಳನ್ನು ಅವರ ಪಾಡಿಗೆ ಬಿಡಬೇಕೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದಳು. ತಾನು ತಿಳಿದವಳೆಂಬ ಸಣ್ಣ ಹೆಮ್ಮೆಯೂ ಇತ್ತು.

ಗುರುವಾರ ಸಂಜೆ ಪರೀಕ್ಷೆ ಹೇಗಾಯಿತೆಂದು ಎರಡು ಸಲ ಕೇಳಿದ್ದೇ ತಪ್ಪಾಯಿತು.

"ಎಷ್ಟು ಸಲ ಕೇಳ್ತೀಯಾ! ನಿಂಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ!"

ಕೊನೆಯ ಮಾತಿಗೆ ಮಗಳ ಗಂಟಲು ಒಡೆಯಿತು. ಬೇರೆ ತಾಯಿಯಾಗಿದ್ದರೆ ಬೈಯುತ್ತಿದ್ದಳು, ಇಲ್ಲವೇ ತಬ್ಬಿಕೊಳ್ಳುತ್ತಿದ್ದಳು. ಇವಳ ಕೈ ಮಾತ್ರ ಫೋನಿಗೆ ಹೋಯಿತು.

"ಆಹಾ, ಅದೇ! ಕೊನೇಲಿ ಗಂಟಲು ಒಡೀತಲ್ಲ, ಅದೇ ಬೇಕಾಗಿದ್ದು! ಇನ್ನೊಂದ್ಸಲ ಹೇಳು ಪುಟ್ಟಾ, ಸ್ವಲ್ಪ ಈ ಕಡೆ ತಿರುಗಿ."

ಬಾಯಿಂದ ಬಿದ್ದ ಮೇಲೆ ಏನು ಹೇಳಿದೆನೆಂದು ಹೊಳೆಯಿತು.

"ನಾನು ಅಳ್ತಾ ಇದೀನಿ," ಎಂದಳು ಮಗಳು. "ನೀನು ರೆಕಾರ್ಡ್ ಮಾಡ್ಕೋತಿದೀಯಾ?"

ಬಾಗಿಲು ಬಡಿದ ರಭಸಕ್ಕೆ ಪಾತ್ರೆ ಸ್ಟ್ಯಾಂಡಿನ ಚಮಚಗಳೂ ಗಲಗಲ ಎಂದವು. ತಾಯಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಎಂದಿನಂತೆ ಅಡುಗೆಮನೆಗೆ ಹೋಗಿ, ಬೆಳಗಿದ ಪಾತ್ರೆಗಳನ್ನೇ ಮತ್ತೆ ಬೆಳಗಿದಳು.

ಶನಿವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಮಗಳು ಬೂಟು ಹಾಕಿಕೊಂಡು ನಿಂತಿದ್ದಳು.

"ನಾನೂ ಬರ್ತೀನಿ. ನಿನಗೋಸ್ಕರ ಅಲ್ಲ, ಕರಡಿಗೋಸ್ಕರ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಪು ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಇಪ್ಪತ್ತು ವರ್ಷದ ನಟನೆಯಲ್ಲಿ ಅದೇ ಅತ್ಯಂತ ಕಷ್ಟದ್ದು.

ಸ್ಟುಡಿಯೋದಲ್ಲಿ ಮಗಳು ಗಾಜಿನ ಆಚೆ, ಸೌಂಡ್ ಇಂಜಿನಿಯರ್ ಪಕ್ಕದ ತಿರುಗುವ ಕುರ್ಚಿಯಲ್ಲಿ ಕೂತಳು. ತೆರೆಯ ಮೇಲೆ ಗುಹೆಯ ಬಾಗಿಲು. ಮರಿ ತನ್ನ ತಾಯಿಗೆ "ಹೋಗಮ್ಮ, ನನ್ನ ಪಾಡಿಗೆ ನನ್ನ ಬಿಡು" ಎಂದು ಹೇಳಿ ಮುಖ ತಿರುಗಿಸಬೇಕು. ಪಾಪು ಅಕ್ಕ ಕಿರುಚಿ ನೋಡಿದಳು. ಬಿಕ್ಕಿ ನೋಡಿದಳು. ಹಲ್ಲು ಕಚ್ಚಿ ನೋಡಿದಳು. ಹನ್ನೊಂದು ಸಲ ಆಯಿತು. ನಿರ್ದೇಶಕ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಅಕ್ಕ, ಇನ್ನು ಸಾಕು ಅನ್ಸುತ್ತೆ," ಎಂದ, ಮೆಲ್ಲಗೆ. ಮರಿ ಕೈ ತಪ್ಪಿತೆಂದು ಅವಳಿಗೆ ಗೊತ್ತಾಯಿತು.

ಆಗ ಹೆಡ್‌ಫೋನಿನಲ್ಲಿ ಟಕ್ ಎಂದಿತು. ಆಚೆಯಿಂದ ಮಾತಾಡುವ ಗುಂಡಿಯನ್ನು ಮಗಳು ಒತ್ತಿದ್ದಳು.

"ಅಮ್ಮಾ, ಅವಳು ಅಷ್ಟೊಂದು ಮಾಡಲ್ಲ. ಹೋಗು ಅಂತಾಳೆ. ಆಮೇಲೆ ಅವರಮ್ಮ ಹೋದ್ರಾ ಇಲ್ವಾ ಅಂತ ಕಿವಿ ಕೊಟ್ಟು ಕೇಳ್ತಿರ್ತಾಳೆ." ಗುಂಡಿಯಿಂದ ಬೆರಳು ತೆಗೆಯದೆ, "ನೀನು ಯಾವಾಗ್ಲೂ ಹೋಗ್ಬಿಡ್ತೀಯಾ," ಎಂದಳು.

ಸೌಂಡ್ ಇಂಜಿನಿಯರ್ ತನ್ನ ಮುಂದಿನ ಗುಂಡಿಗಳನ್ನು ಜೀವನದಲ್ಲೇ ಮೊದಲ ಸಲ ನೋಡುವವನ ಹಾಗೆ ನೋಡತೊಡಗಿದ.

ಎಂಟು ತಿಂಗಳು! ಬಾಗಿಲಿನ ಆ ಬದಿಯಲ್ಲಿ ಮಗಳು ಕಿವಿ ಕೊಟ್ಟು ನಿಂತಿದ್ದಾಗ, ಈ ಬದಿಯಲ್ಲಿ ಚಪ್ಪಲಿ ಸದ್ದು ಮಾಡಿಕೊಂಡು ತಾನು ಹೊರಟುಹೋಗಿದ್ದಳು. ಪಾಪು ಅಕ್ಕನಿಗೆ ಅಳು ಬಂತು, ಅದರ ಜೊತೆಗೇ ಹೇಳಲಾರದಷ್ಟು ಖುಷಿಯೂ ಆಯಿತು. ಕಾಯುತ್ತಿದ್ದಳಲ್ಲ ಹುಡುಗಿ!

"ಒಂದ್ಸಲ ಹಾಕಪ್ಪ," ಎಂದಳು.

ಈ ಸಲ ಕಿರುಚಲಿಲ್ಲ, ಬಿಕ್ಕಲಿಲ್ಲ. ಸಣ್ಣಗೆ ಹೇಳಿದಳು, ಹೇಳಿ ಉಸಿರು ಬಿಗಿಹಿಡಿದಳು, ಹೆಜ್ಜೆ ಸದ್ದಿಗೆ ಕಾಯುವವಳಂತೆ. ತೆರೆಯ ಮೇಲೆ ಮರಿಯ ನೆರಳು ಮೆಲ್ಲಗೆ ಉದ್ದವಾಗಿ ತಾಯಿಯ ಪಾದ ಹಿಡಿದುಕೊಂಡಿತು. ಮಾತು ಅದಕ್ಕೆ ಅಳತೆ ತೆಗೆದು ಹೊಲಿದಂತೆ ಕೂತಿತು.

"ಇದು!" ನಿರ್ದೇಶಕ ತೊಡೆ ತಟ್ಟಿದ. "ಮರಿ ನಿಮ್ಮದೇ ಅಕ್ಕ. ಮುಂದಿನ ಸೀನ್ ಹಾಕಪ್ಪ."

"ಒಂದ್ನಿಮಿಷ," ಎಂದು ಪಾಪು ಅಕ್ಕ ಗಾಜಿನ ಕಡೆ ತಿರುಗಿದಳು. "ಹಾಗಾದ್ರೆ ನಾನು ಎಷ್ಟು ಹೊತ್ತು ನಿಂತಿರ್ಬೇಕು?"

ನಿರ್ದೇಶಕ ಗಾಬರಿಯಿಂದ ಸ್ಕ್ರಿಪ್ಟಿನ ಹಾಳೆ ತಿರುವಿದ. ಅಲ್ಲಿ ಅಂಥ ಮಾತೇ ಇರಲಿಲ್ಲ. ಮಗಳು ಕುರ್ಚಿಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿ ಯೋಚಿಸಿದಳು. ಆಮೇಲೆ ಗುಂಡಿ ಒತ್ತಿದಳು.

"ಎರಡು ನಿಮಿಷ. ಏನೂ ಕೇಳ್ಬೇಡ. ಸುಮ್ನೆ ಒಂದ್ಸಲ ಕೆಮ್ಮು, ಸಾಕು. ಇದೀಯಾ ಅಂತ ಗೊತ್ತಾಗುತ್ತೆ."