ಹಾಡಿನ ಕೆಳಗೆ ಹೋದ ಮಾತು

ಊರಿಗೆಲ್ಲ ಅವನು ಕ್ಯಾಸೆಟ್ ಮಾವ. ಒಂದು ಕಾಲದಲ್ಲಿ ಹೆಗಲ ಮೇಲೆ ಕ್ಯಾಮೆರಾ ಏರಿಸಿಕೊಂಡು ಮದುವೆಮನೆಗೆ ನುಗ್ಗಿದರೆ ಮದುಮಗನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಈಗ ಆ ದಂಡನಾಯಕನ ಸಾಮ್ರಾಜ್ಯವೆಂದರೆ ಮೆಟ್ಟಿಲ ಕೆಳಗಿನ ಅಂಗಡಿ, ಕೆಮ್ಮುವ ವಿಸಿಆರ್, ಬೈಯುವ ಹೆಂಡತಿ. ಹಳೇ ವಿಡಿಯೋ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವುದೇ ಉಳಿದಿರುವ ದಂಡಯಾತ್ರೆ.

ಒಂದು ದಿನ ಹುಡುಗಿಯೊಬ್ಬಳು ತಂದ ಕ್ಯಾಸೆಟ್ ಇವನೇ ತೆಗೆದದ್ದು. ಅವಳ ಮೊದಲ ಹುಟ್ಟುಹಬ್ಬ. ಅದಾಗಿ ಸ್ವಲ್ಪ ದಿನಕ್ಕೇ ಅವಳಪ್ಪ ತೀರಿಕೊಂಡಿದ್ದ.

"ಅಪ್ಪನ ಫೋಟೋ ಬೇಕಾದಷ್ಟಿದೆ ಅಂಕಲ್. ದನಿ ಮಾತ್ರ ಎಲ್ಲೂ ಇಲ್ಲ. ಇದರಲ್ಲಿ ನನ್ನ ಎತ್ಕೊಂಡು ಏನೋ ಹೇಳ್ತಾರಂತೆ. ಏನು ಅಂತ ಅಮ್ಮಂಗೂ ಮರೆತುಹೋಗಿದೆ."

ಟೇಪಿನ ತುಂಬ ಬಿಳೀ ಬೂಷ್ಟು. ಮಾವ ತೋಳೇರಿಸಿ ಯುದ್ಧಕ್ಕಿಳಿದ. ಡಬ್ಬಿ ಬಿಚ್ಚಿ, ಟೇಪನ್ನು ಗೇಣುಗೇಣಾಗಿ ಎಳೆದು, ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿದ.

"ಮನೇಲಿ ಒಂದು ಲೋಟ ತೊಳೆದೋರಲ್ಲ, ಇಲ್ಲಿ ನೋಡಿ ವೈಯಾರ!" ಎಂದಳು ಹೆಂಡತಿ.

"ಲೋಟದಲ್ಲಿ ಯಾರಪ್ಪ ಕೂತಿರ್ತಾನೆ ಹೇಳೇ?"

ಬೂಷ್ಟಿನ ಸೇನೆ ಮಣ್ಣುಮುಕ್ಕಿತು. ಮಾವ ಮೀಸೆ ತಿರುವಿ ಹುಡುಗಿಯನ್ನು ಕರೆಸಿದ. ಪರದೆಯ ಮೇಲೆ ಬಲೂನು, ಕೇಕು. ಅಪ್ಪ ಮಗುವನ್ನೆತ್ತಿಕೊಂಡ. ಸ್ಪೀಕರಿನಿಂದ ಮಾತ್ರ ಯಾವುದೋ ಸಿನಿಮಾದ ಪ್ರೇಮಗೀತೆ ಕಿವಿ ಕಿತ್ತುಹೋಗುವಂತೆ ಅರಚಿತು.

"ಹಾಡು ನಿಲ್ಲಿಸಿ ಅಂಕಲ್."

ಮಾವ ವಿಸಿಆರನ್ನೇ ನಿಲ್ಲಿಸಿದ. ಜನರ ಕಚಪಚವನ್ನೆಲ್ಲ ಅಳಿಸಿ ಉದ್ದಕ್ಕೂ ಸಿನಿಮಾ ಹಾಡು ತುಂಬುವುದು ಅಂದಿನ ಕಸುಬು. ಹಾಡಿಲ್ಲದ ಕ್ಯಾಸೆಟ್ಟನ್ನು ಗಿರಾಕಿಗಳು ಮುಖಕ್ಕೆ ಎಸೆಯುತ್ತಿದ್ದರು.

"ಮಾತು ಹಾಡಿನ ಕೆಳಗಿರುತ್ತೆ ಅಲ್ವಾ?"

"ಇಲ್ಲ ಕಣಮ್ಮ. ನಾನೇ ಅಳಿಸ್ಬಿಟ್ಟೆ."

"ಶೂಟಿಂಗ್ ಮಾಡಿದ ಮೂಲ ಟೇಪು?"

"ಅದರ ಮೇಲೆ ಯಾರದೋ ಮದುವೆ ತೆಗೆದೆ."

"ನೀವು ಎದುರಿಗೇ ನಿಂತಿದ್ರಲ್ಲ! ಏನಂದ್ರು?"

ಮಾವ ತಲೆಯನ್ನೆಲ್ಲ ಜಾಲಾಡಿದ. ಲೈಟಿನ ಬಿಸಿ, ಮಗುವಿನ ಕೆಂಪು ಟೋಪಿ, ಬೆಳಕಿಗೆ ಅಡ್ಡ ಬಂದ ಯಾರದೋ ಬೋಳುತಲೆ ಎಲ್ಲವೂ ಸಿಕ್ಕಿದವು. ಮಾತು ಸಿಗಲಿಲ್ಲ. ಬೈಯುವ ಹೆಂಡತಿಯೇ ಎದ್ದು ಹುಡುಗಿಗೆ ಸ್ಟೂಲು ಎಳೆದುಕೊಟ್ಟಳು.

"ದನಿ ಇಲ್ದೇ ಹಾಕಿ," ಎಂದಳು ಹುಡುಗಿ ಕೊನೆಗೆ. "ಕಿವಿ ಕೇಳದೋರು ತುಟಿ ನೋಡೇ ಮಾತು ಹಿಡೀತಾರಂತೆ. ಯಾರಿಗಾದ್ರೂ ತೋರಿಸ್ತೀನಿ."

ಮಾವನಿಗೆ ಹೋದ ಜೀವ ಬಂದಂತಾಯಿತು. ಸ್ಪೀಕರಿನ ತಂತಿಯನ್ನೇ ಕಿತ್ತುಹಾಕಿ ಟೇಪು ಓಡಿಸಿದ. ಅಪ್ಪ ಮಗುವಿನತ್ತ ಬಾಗಿದ, ಬಾಯಿ ತೆರೆದ. ಅಷ್ಟರಲ್ಲಿ ಪರದೆಯ ಮೂಲೆಯಿಂದ ದೊಡ್ಡದೊಂದು ಗುಲಾಬಿ ಗಿರಗಿರನೆ ತಿರುಗುತ್ತ ಬಂದು, ಸರಿಯಾಗಿ ಆ ಬಾಯಿಯ ಮೇಲೆ ಎಸಳೆಸಳಾಗಿ ಅರಳಿ ನಿಂತಿತು.

ಆ ಕಾಲಕ್ಕೆ ಅಂಥ ಗುಲಾಬಿ ಅರಳಿಸುವುದು ಮಾವನನ್ನು ಬಿಟ್ಟರೆ ಬೇರೆ ಯಾವ ಸ್ಟುಡಿಯೋದವರಿಗೂ ಬರುತ್ತಿರಲಿಲ್ಲ.