ಹಗುರ ಫ್ಲೈವೀಲ್, ಭಾರದ ಕಾಲು

‘ಸರ್, ಈ ಗಾಡಿ ದಿನಾ ಓಡ್ಸೋದು ಯಾರು?’

ಶ್ರೀರಾಂಪುರದ ನಮ್ಮ ಮೆಕ್ಯಾನಿಕ್ ಚಂದ್ರಪ್ಪ ಕೇಳಿದ್ದು ಇಷ್ಟೇ.  ನನಗೆ ಉತ್ತರ ಹೇಳೋಕೆ ಮನಸ್ಸು ಬರಲಿಲ್ಲ. ಯಾಕೆಂದರೆ ಈಗ ಒಂದೂವರೆ ವರ್ಷದಿಂದ ಅದನ್ನು ದಿನಾ ಓಡಿಸುತ್ತಿರುವುದು ನನ್ನ ಹೆಂಡತಿ ಗಿರಿಜಾ. ನನ್ನ ಪಾಲಿಗೆ ಉಳಿದಿರುವುದು ಭಾನುವಾರ, ಆಮೇಲೆ ಅಪರೂಪಕ್ಕೊಂದು ಸಂಜೆ. ಆದರೆ ಗಾಡಿಗೆ ಏನು ಹಾಕಿಸಬೇಕು ಅಂತ ಗ್ಯಾರೇಜಿನಲ್ಲಿ ನಿಂತು ಅರ್ಧ ಗಂಟೆ ಭಾಷಣ ಬಿಗಿದವನು ನಾನು!

ಆಗಿದ್ದು ಇಷ್ಟು. ಕಳೆದ ಸೋಮವಾರ ಬೆಳಿಗ್ಗೆ ಸಂಪಿಗೆ ರಸ್ತೆಯಲ್ಲಿ ನಮ್ಮ ಹದಿನಾಲ್ಕು ವರ್ಷದ ಕಾರು ನಿಂತುಬಿಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಅಲ್ಲಾಡಲ್ಲ. ಜೊತೆಗೆ ಸುಟ್ಟ ವಾಸನೆ. ಗಿರಿಜಾ ಫಿಸಿಯೋಥೆರಪಿಸ್ಟ್. ಮಲ್ಲೇಶ್ವರಂ ಸುತ್ತಮುತ್ತ ಮನೆಮನೆಗೆ ಹೋಗಿ ವಯಸ್ಸಾದವರಿಗೆ, ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸುತ್ತಾಳೆ. ಅವತ್ತೂ ಪೇಷಂಟ್ ಮನೆಗೆ ಹೊರಟಿದ್ದಳು. ನನಗೆ ಫೋನ್ ಮಾಡಿದಳು.

ಇಂಥ ಹೊತ್ತಿನಲ್ಲಿ ಒಳ್ಳೆಯ ಗಂಡನಾದವನು ಏನು ಕೇಳಬೇಕು? ‘ನೀನು ಹುಷಾರಾಗಿದ್ದೀಯಾ?’ ಅಂತ ತಾನೆ? ನಾನು ಕೇಳಿದ್ದು, ‘ಕ್ಲಚ್ ಮೇಲೇ ಕಾಲಿಟ್ಕೊಂಡು ಓಡಿಸ್ತಿದ್ದೆ, ಅಲ್ವಾ?’

ಫೋನ್ ಕಟ್ಟಾಯಿತು. ಅವಳು ಗಾಡಿಯನ್ನು ಯಾರ ಸಹಾಯದಿಂದಲೋ ಪಕ್ಕಕ್ಕೆ ತಳ್ಳಿಸಿ, ನಡೆದುಕೊಂಡೇ ಪೇಷಂಟ್ ಮನೆಗೆ ಹೋದಳು.

ಗಾಡಿಯನ್ನು ಎಳೆಸಿಕೊಂಡು ಹೋಗಿ ಚಂದ್ರಪ್ಪನ ಗ್ಯಾರೇಜಿಗೆ ಬಿಟ್ಟೆ. ವರ್ಷಗಟ್ಟಲೆ ಪೆಡಲ್ ಮೇಲೆ ಕಾಲಿಟ್ಟು ಓಡಿಸಿ ಕ್ಲಚ್ ಪ್ಲೇಟ್ ಪೂರ್ತಿ ಸವೆದಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದರು. ನನ್ನ ಕಣ್ಣು ಹೊಳೆಯಿತು. (ಗಾಡಿ ಕೆಟ್ಟಾಗ ಕಣ್ಣು ಹೊಳೆಯುವ ಗಂಡಸರ ಒಂದು ಜಾತಿಯೇ ಇದೆ. ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು.) ಎರಡು ವರ್ಷದಿಂದ ಮೊಬೈಲಿನಲ್ಲಿ ಕಾರಿನ ವಿಡಿಯೋ ನೋಡಿ ನೋಡಿ ನಾನು ಅರ್ಧ ಇಂಜಿನಿಯರ್ ಆಗಿದ್ದೇನೆ. ‘ಹೇಗೂ ಗೇರ್‌ಬಾಕ್ಸ್ ಇಳಿಸ್ತೀರಲ್ಲ, ಹಾಗೇ ಲೈಟ್‌ವೇಟ್ ಫ್ಲೈವೀಲ್ ಹಾಕ್ಬಿಡಿ’ ಅಂದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಫ್ಲೈವೀಲ್ ಅಂದರೆ ಇಂಜಿನ್ನಿನ ಹಿಂದೆ ತಿರುಗುವ, ಊಟದ ತಟ್ಟೆಯಷ್ಟು ಅಗಲದ ಭಾರದ ಕಬ್ಬಿಣದ ಚಕ್ರ. ಕ್ಲಚ್ ಹಿಡಿದುಕೊಳ್ಳುವುದು ಅದನ್ನೇ. ಅದರ ತೂಕ ಕಮ್ಮಿ ಮಾಡಿದರೆ ಇಂಜಿನ್ ಚುರುಕಾಗುತ್ತೆ, ಕಾಲು ತಾಗಿಸಿದರೆ ಸಾಕು ರೊಯ್ಯನೆ ಏಳುತ್ತೆ. ರೇಸಿನವರು ಹಾಕಿಸುತ್ತಾರೆ. ತರಕಾರಿ ತರೋಕೆ ಎಂಟನೇ ಕ್ರಾಸಿಗೆ ಹೋಗುವ ನನಗೆ ಅದು ಯಾಕೆ ಬೇಕು? ಅದನ್ನೆಲ್ಲ ಕೇಳಬಾರದು.

ಆಗಲೇ ಚಂದ್ರಪ್ಪ ಆ ಪ್ರಶ್ನೆ ಕೇಳಿದ್ದು. ‘ನಮ್ಮ ಮನೆಯವರು ಓಡಿಸ್ತಾರೆ’ ಅಂದೆ.

‘ಹಂಗಾದ್ರೆ ಯೋಚ್ನೆ ಮಾಡಿ ಸರ್. ಭಾರದ ಚಕ್ರ ಇದ್ರೆ ನೀವು ಕ್ಲಚ್ ಸ್ವಲ್ಪ ಹೆಚ್ಚುಕಮ್ಮಿ ಬಿಟ್ರೂ ಅದು ಸುಧಾರ್ಸಿಕೊಂಡು ಹೋಗುತ್ತೆ. ಹಗುರದ್ದು ಹಂಗಲ್ಲ, ತಪ್ಪು ಮಾಡಿದ್ರೆ ತಕ್ಷಣ ಆಫ್. ಟ್ರಾಫಿಕ್ಕಲ್ಲಿ, ಏರಲ್ಲಿ ಕಷ್ಟ.’

‘ಓಹೋ, ಹಾಗಾದ್ರೆ ಬೇಡ ಬಿಡಿ. ಅವಳಿಗೆ ಆಗಲ್ಲ’ ಅಂದೆ. ಹೇಳುವಾಗ ಏನೋ ದೊಡ್ಡ ತ್ಯಾಗ ಮಾಡಿದ ಹಾಗೆ ಎದೆ ಉಬ್ಬಿತ್ತು.

ಸಂಜೆ ಕಾಫಿ ಕುಡಿಯುತ್ತಾ ಆ ತ್ಯಾಗದ ಕಥೆಯನ್ನು ಗಿರಿಜಾಗೆ ಹೇಳಿದೆ. ‘ನಿನಗೋಸ್ಕರ ಬಿಟ್ಟುಬಿಟ್ಟೆ ನೋಡು.’

ಅವಳು ಲೋಟ ಕೆಳಗಿಟ್ಟಳು. ‘ನನಗೆ ಆಗಲ್ಲ ಅಂತ ನಿಮಗೆ ಯಾರು ಹೇಳಿದ್ರು?’

ಇಲ್ಲಿ ಒಂದು ಹಳೆಯ ವಿಷಯ ಒಪ್ಪಿಕೊಳ್ಳಬೇಕು. ಗಿರಿಜಾ ಕಾರು ಕಲಿತದ್ದು ಐವತ್ತರ ಮೇಲೆ. ಮೊದಲ ಮೇಷ್ಟ್ರು ನಾನೇ. ಸ್ಯಾಂಕಿ ಕೆರೆ ರಸ್ತೆಯಲ್ಲಿ ಪಕ್ಕದಲ್ಲಿ ಕೂತು ಮೂರು ದಿನ ಕಿರುಚಿದೆ. ಮೂರನೇ ದಿನ ‘ಇದು ನಿನ್ನ ಕೈಲಾಗೋ ಕೆಲಸ ಅಲ್ಲ’ ಅಂದೆ. ಅವಳು ಗಾಡಿ ಆಫ್ ಮಾಡಿ, ಕೀಯನ್ನು ನನ್ನ ತೊಡೆಯ ಮೇಲಿಟ್ಟು, ಇಳಿದು ಮನೆಗೆ ನಡೆದುಬಿಟ್ಟಳು. ಆಮೇಲೆ ನನಗೆ ಒಂದು ಮಾತೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅಲ್ಲಿ ಕಲಿಸುವವರು ಒಬ್ಬ ಹೆಂಗಸು. ಎರಡು ತಿಂಗಳಾದ ಮೇಲೆ ಲೈಸೆನ್ಸ್ ತಂದು ಟಿವಿ ಪಕ್ಕ ಇಟ್ಟಳು. ಅದರ ಬಗ್ಗೆ ನಾವಿಬ್ಬರೂ ಅವತ್ತಿನವರೆಗೆ ಮಾತಾಡಿರಲಿಲ್ಲ.

‘ನಾಳೆ ನಾನೂ ಗ್ಯಾರೇಜಿಗೆ ಬರ್ತೀನಿ’ ಅಂದಳು.

ಬಂದಳು. ಚಂದ್ರಪ್ಪನನ್ನು ನೇರವಾಗಿ ಕೇಳಿದಳು: ‘ಹಗುರದ್ದು ಹಾಕಿಸಿರೋ ಗಾಡಿ ಯಾವುದಾದ್ರೂ ಇದ್ಯಾ? ಓಡಿಸಿ ನೋಡಬೇಕು.’ ಎರಡು ವರ್ಷ ವಿಡಿಯೋ ನೋಡಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ!

ಇತ್ತು. ಚಂದ್ರಪ್ಪನ ಸ್ವಂತ ಹಳೇ ಕಾರೇ. ವಯಸ್ಸಿನ ಹುರುಪಲ್ಲಿ ಹಾಕಿಸಿದ್ದಂತೆ. ಪಕ್ಕದ ಸೀಟಿನಲ್ಲಿ ಅವರು, ಹಿಂದೆ ಗಿರಿಜಾ. ಮೊದಲು ನಾನು. (ಹಿರಿತನ ಬೇಡವೇ?)

ಗ್ಯಾರೇಜಿನಿಂದ ಮುಖ್ಯರಸ್ತೆಗೆ ಒಂದು ಸಣ್ಣ ಏರು. ಕ್ಲಚ್ ಬಿಟ್ಟೆ. ಆಫ್. ‘ಪರ್ವಾಗಿಲ್ಲ ಸರ್.’ ಮತ್ತೆ ಸ್ಟಾರ್ಟ್ ಮಾಡಿದೆ. ಆಫ್. ಹಿಂದೆ ಆಟೋ ಬಂದು ನಿಂತಿತು. ಮೂರನೇ ಸಲ ಗಾಡಿ ಕಪ್ಪೆಯ ಹಾಗೆ ಎರಡು ಸಲ ನೆಗೆದು ಮಲಗಿತು. ಆಟೋದವನು ಪಕ್ಕಕ್ಕೆ ಬಂದು, ತುಂಬಾ ಮರ್ಯಾದೆಯಿಂದಲೇ ಕೇಳಿದ: ‘ಹೊಸ್ದಾಗಿ ಕಲೀತಿದ್ದೀರಾ ಸಾರ್? ನಿಧಾನ, ಬರುತ್ತೆ.’

ಹಿಂದಿನ ಸೀಟಿನಿಂದ ಒಂದು ಸದ್ದೂ ಇಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು.

ನಾಲ್ಕನೇ ಸಲ ಹೇಗೋ ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಚಂದ್ರಪ್ಪ ಬಗ್ಗಿ ನನ್ನ ಕಾಲ ಬುಡ ನೋಡಿದರು. ‘ಸರ್, ಗೇರ್ ಹಾಕಾಯ್ತಲ್ಲ. ಆ ಎಡಗಾಲು ಇನ್ನೂ ಕ್ಲಚ್ ಮೇಲೇ ಯಾಕಿದೆ?’

ನಾನೂ ನೋಡಿಕೊಂಡೆ. ಇತ್ತು. ಎಷ್ಟು ವರ್ಷದಿಂದ ಇತ್ತೋ!

ಆಮೇಲೆ ಗಿರಿಜಾ ಸರದಿ. ಅದೇ ಏರು. ಮೊದಲ ಸಲ ಅವಳಿಗೂ ಆಫ್ ಆಯಿತು. (ನನ್ನ ಮುಖದಲ್ಲಿ ಆಗ ಸಂತೋಷ ಕಂಡಿದ್ದರೆ ಕ್ಷಮಿಸಿ, ನಾನೂ ಮನುಷ್ಯ.) ಅವಳು ಗಾಬರಿಯಾಗಲಿಲ್ಲ. ‘ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೇಳುತ್ತೆ, ಅಲ್ವಾ?’ ಅಂದಳು. ಚಂದ್ರಪ್ಪ ತಲೆಯಾಡಿಸಿದರು. ಇಂಜಿನ್ ಸದ್ದು ಕೇಳಿಸಿಕೊಂಡು, ಕಾಲನ್ನು ನಿಧಾನಕ್ಕೆ ಎತ್ತಿದಳು. ಗಾಡಿ ಏರು ಹತ್ತಿತು. ಎಡಗಾಲು ಪೆಡಲ್ ಬಿಟ್ಟು ಪಕ್ಕಕ್ಕೆ ಹೋಗಿ ಕೂತಿತು. ಒಂದು ಸುತ್ತು ಹಾಕಿ, ಎರಡು ಕಡೆ ನಿಲ್ಲಿಸಿ ಹೊರಡಿಸಿ, ವಾಪಸ್ ತಂದು ನಿಲ್ಲಿಸಿದಳು.

‘ಮೇಡಂ ಕ್ಲಚ್ ಸುಡೋ ಡ್ರೈವರ್ ಅಲ್ಲ ಬಿಡಿ’ ಅಂದರು ಚಂದ್ರಪ್ಪ. ಯಾರು ಸುಟ್ಟವರು ಅಂತ ಹೇಳಲಿಲ್ಲ. ಒಳ್ಳೆಯ ಮೆಕ್ಯಾನಿಕ್‌ಗೆ ಗಿರಾಕಿಯ ಮಾನದ ಬಗ್ಗೆಯೂ ಕಾಳಜಿ ಇರುತ್ತದೆ.

ನಾನು ತಕ್ಷಣ ಉದಾರಿಯಾದೆ. ‘ಹಾಗಾದ್ರೆ ಹಗುರದ್ದೇ ಹಾಕ್ಸೋಣ. ನಿನಗೆ ಬರುತ್ತಲ್ಲ.’

‘ಬರುತ್ತೆ. ಆದ್ರೆ ಬೇಡ’ ಅಂದಳು. ‘ಸೊಂಟದ ಆಪರೇಷನ್ ಆದವರನ್ನ ಎಷ್ಟೋ ಸಲ ನಾನೇ ಸ್ಕ್ಯಾನಿಂಗಿಗೆ ಕರ್ಕೊಂಡು ಹೋಗ್ತೀನಿ. ಗಾಡಿ ಒಂದು ಸಲ ಜರ್ಕ್ ಹೊಡೆದ್ರೆ ಅವರ ಜೀವ ಬಾಯಿಗೆ ಬರುತ್ತೆ. ನನಗೆ ಚುರುಕು ಬೇಡ, ಮೆತ್ತಗೆ ಹೊರಡಬೇಕು. ಚಂದ್ರಪ್ಪನವರೇ, ಹಳೇ ಚಕ್ರಾನೇ ಲೇತ್ ಮೆಷಿನ್ನಲ್ಲಿ ಸಾಪು ಮಾಡ್ಸಿ ಹಾಕಿ.’

ನೋಡಿ, ಮೊದಲು ನಾನು ಹೇಳಿದ್ದೂ ಅದೇ, ಅವಳು ಹೇಳಿದ್ದೂ ಅದೇ. ಬೇಡ. ಆದರೆ ನನ್ನ ‘ಬೇಡ’ದಲ್ಲಿ ಅವಳಿಗೆ ಆಗಲ್ಲ ಅನ್ನೋದಿತ್ತು. ಅವಳದ್ದರಲ್ಲಿ ಅವಳ ಕೆಲಸ ಇತ್ತು. ನಮ್ಮ ಮನೆಗಳಲ್ಲಿ ಇಂಥ ಎಷ್ಟು ‘ನಿನಗೋಸ್ಕರ’ಗಳು ಓಡಾಡುತ್ತಿವೆಯೋ!

ವಾಪಸ್ ನಡೆದು ಬರುವಾಗ, ‘ತಪ್ಪಾಯ್ತು, ಹಾಗೆ ಹೇಳಬಾರದಿತ್ತು’ ಅಂದೆ.

‘ಯಾವುದು? ಸೋಮವಾರ ಫೋನಲ್ಲಿ ಹೇಳಿದ್ದಾ, ಕೆರೆ ಹತ್ತಿರ ಹೇಳಿದ್ದಾ?’

‘ಎರಡೂ.’

 ‘ಕೆರೆ ಹತ್ತಿರದ್ದೇ ಜಾಸ್ತಿ ನೋವಾಗಿದ್ದು ಕಣ್ರೀ’ ಅಂದಳು. ಇಷ್ಟು ದಿನ ಆಡದ ಮಾತು ಕೊನೆಗೂ ಹೊರಬಂತು.

ಗುರುವಾರ ಗಾಡಿ ರೆಡಿಯಾಯಿತು. ಗಿರಿಜಾ ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಆದರೂ ಸಿಗ್ನಲ್ ಬಂದಾಗ ಕೆಳಗೆ ನೋಡುತ್ತೇನೆ, ನನ್ನ ಎಡಗಾಲು ಖಾಲಿ ಮ್ಯಾಟನ್ನು ಬಲವಾಗಿ ಒತ್ತುತ್ತಿದೆ!

ಇನ್ನೊಬ್ಬರು ಓಡಿಸುವಾಗ ನಿಮ್ಮ ಕಾಲು ಎಲ್ಲಿರುತ್ತೆ ಸ್ವಾಮಿ?